ಹೊಟ್ಟೆಯಲ್ಲಿರುವ ಕೂಸಿನ ಕ್ಷೇಮ ತಿಳಿಯುವ ಸ್ಕ್ಯಾನಿಂಗ್: ಮೊದಲ ವರದಿಯಿಂದ ಹೆರಿಗೆ ಕೋಣೆಯವರೆಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಚೊಚ್ಚಲ ಬಸುರಿಗೆ ಕುಬಸ (ಸೀಮಂತ) ಮಾಡಿ ತವರಿಗೆ ಕಳಿಸುವುದು ವಾಡಿಕೆ. ಸೀರೆ, ಬಳೆ, ಬುತ್ತಿಯ ಗಂಟು ಎಲ್ಲವೂ ಆಕೆಯ ಜೊತೆ ಬರುತ್ತವೆ. ಮೂರನೆಯ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ವರದಿ ಮಾತ್ರ ಗಂಡನ ಮನೆಯ ಟ್ರಂಕಿನಲ್ಲಿ ಉಳಿದುಬಿಡುತ್ತದೆ. ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವ ನಾನು ವಾರಕ್ಕೆ ನಾಲ್ಕೈದು ಬಾರಿಯಾದರೂ ಈ ಪರಿಸ್ಥಿತಿಯನ್ನು ಎದುರಿಸುತ್ತೇನೆ. ಸ್ಕ್ಯಾನಿಂಗ್ ಮಾಡಿಸಿರುತ್ತಾರೆ, ದುಡ್ಡೂ ಖರ್ಚಾಗಿರುತ್ತದೆ, ಆದರೆ ಕೂಸು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಏಕೆಂದರೆ ಸಮಯ ತಪ್ಪಿರುತ್ತದೆ, ಹೋಲಿಸಲು ಹಳೆಯ ವರದಿ ಇರುವುದಿಲ್ಲ, ಅಥವಾ ವರದಿ ಕೈಗೆ ಬಂದ ಮೇಲೆ ಎಂಟು ದಿನ ಅದನ್ನು ಯಾರಿಗೂ ತೋರಿಸಿರುವುದಿಲ್ಲ. ಈ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತಿರುವುದರಿಂದ, ಗರ್ಭಿಣಿಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿರಬೇಕಾದ ವಸ್ತುಗಳು

ತಾಯಿ ಕಾರ್ಡ್, ಆಧಾರ್ ಕಾರ್ಡ್, ವೈದ್ಯರು ಬರೆದುಕೊಟ್ಟ ಚೀಟಿ, ಇದುವರೆಗಿನ ಎಲ್ಲಾ ಸ್ಕ್ಯಾನಿಂಗ್ ವರದಿಗಳು, ರಕ್ತ ಮತ್ತು ಮೂತ್ರ ಪರೀಕ್ಷೆಯ ಕಾಗದಗಳು, ಒಂದು ಗೋಡೆ ಕ್ಯಾಲೆಂಡರ್, ಒಂದು ಸಣ್ಣ ನೋಟುಬುಕ್ಕು. ಇಷ್ಟು ಸಾಕು. ಕಾಗದಗಳನ್ನು ಮಡಚದೆ, ಹಳೆಯದು ಕೆಳಗೆ ಹೊಸದು ಮೇಲೆ ಬರುವಂತೆ ಒಂದೇ ಫೈಲಿನಲ್ಲಿ ಇಡಿ.

ಸ್ಕ್ಯಾನಿಂಗ್ ಕೋಣೆಯಲ್ಲಿ ಕೊಡುವ ನುಣುಪಾದ ಕಪ್ಪು-ಬಿಳುಪು ಚಿತ್ರಗಳು ಶಾಖಕ್ಕೆ ಮಾಸುವ ಕಾಗದದ ಮೇಲೆ ಮುದ್ರಿತವಾಗಿರುತ್ತವೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಪತ್ರಾಸಿನ (ತಗಡಿನ ಚಾವಣಿಯ) ಕೆಳಗೆ ಇಟ್ಟ ಚಿತ್ರ ಹೆರಿಗೆಯ ಹೊತ್ತಿಗೆ ಏನೂ ಕಾಣದಂತೆ ಆಗಿರುವುದನ್ನು ನೋಡಿದ್ದೇನೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ಚಿತ್ರ ಕಪ್ಪಾಗುತ್ತದೆ. ವೈದ್ಯರಿಗೆ ಮುಖ್ಯವಾಗಿ ಬೇಕಾಗುವುದು ಅಕ್ಷರದಲ್ಲಿ ಬರೆದ ವರದಿ. ಅದರ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಸ್ಪಷ್ಟವಾಗಿ ಫೋಟೋ ತೆಗೆದು, ಗರ್ಭಿಣಿಯ ಫೋನಿನಲ್ಲಿ ಒಂದು, ತವರಿನವರ ಫೋನಿನಲ್ಲಿ ಒಂದು ಪ್ರತಿ ಇಡಿ. ದಸರೆಯ ನಂತರ ಇಂಡಿ, ಸಿಂದಗಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳಿಗೆ ಈ ಫೋಟೋವೇ ದಾಖಲೆ.

ಹಂತ 1: ಮುಟ್ಟಿನ ದಿನಾಂಕ ಬರೆದಿಡುವುದು

ವೈದ್ಯರು ಕೇಳುವ ದಿನಾಂಕ ಕೊನೆಯ ಸಲ ಮುಟ್ಟಾದಾಗ ರಕ್ತಸ್ರಾವ ಶುರುವಾದ ಮೊದಲ ದಿನ. ಬಹಳಷ್ಟು ಹೆಣ್ಣುಮಕ್ಕಳು ಮುಟ್ಟು ನಿಂತು ತಲೆಗೆ ನೀರು ಹಾಕಿಕೊಂಡ ದಿನವನ್ನೋ, ಮುಂದಿನ ತಿಂಗಳು ಮುಟ್ಟು ತಪ್ಪಿದ ದಿನವನ್ನೋ ಹೇಳುತ್ತಾರೆ. ಮೊದಲನೆಯದರಿಂದ ನಾಲ್ಕೈದು ದಿನ, ಎರಡನೆಯದರಿಂದ ಪೂರ್ತಿ ನಾಲ್ಕು ವಾರ ಲೆಕ್ಕ ತಪ್ಪುತ್ತದೆ.

ದಿನಾಂಕ ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಹುಡುಕಿ. “ಕಾರಹುಣ್ಣಿಮಿ ಮುಂದ ಎರಡ ದಿನ ಇತ್ರಿ, ಆಗ ಹೊರಗಾಗಿದ್ದೆ” ಎಂದು ಹೇಳಿದರೆ ಕ್ಯಾಲೆಂಡರಿನಲ್ಲಿ ಎರಡೇ ನಿಮಿಷದಲ್ಲಿ ದಿನಾಂಕ ಸಿಗುತ್ತದೆ. ನಾಗರಪಂಚಮಿ, ಸೀಗಿ ಹುಣ್ಣಿಮೆ, ಊರ ಜಾತ್ರೆ, ಯಾವುದಾದರೂ ಆದೀತು. ಸಿಕ್ಕ ದಿನಾಂಕಕ್ಕೆ 280 ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ಬರುತ್ತದೆ. ತಿಂಗಳ ಲೆಕ್ಕವನ್ನು ಇಲ್ಲಿಯೇ ಬಿಟ್ಟು ವಾರದ ಲೆಕ್ಕಕ್ಕೆ ಬನ್ನಿ. “ಎಂಟು ತಿಂಗಳು” ಎಂದರೆ ಕೆಲವರಿಗೆ ಎಂಟು ತುಂಬಿದೆ ಎಂದರ್ಥ, ಕೆಲವರಿಗೆ ಎಂಟರಲ್ಲಿ ನಡೆಯುತ್ತಿದೆ ಎಂದರ್ಥ. ಕೂಸಿನ ತೂಕ ಅಳೆಯುವಾಗ ಈ ಒಂದು ತಿಂಗಳ ಗೊಂದಲ ಬಹಳ ದೊಡ್ಡದು.

ಹಂತ 2: ಮೊದಲ ಸ್ಕ್ಯಾನಿಂಗ್‌ನಲ್ಲಿ ದಿನ ಖಚಿತಪಡಿಸಿಕೊಳ್ಳುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಮಾಡಲು ಸಾಧ್ಯವಿದೆ ಎಂದಾದರೆ ಇದನ್ನೇ ಮಾಡಿ ಎಂದು ಹೇಳುತ್ತೇನೆ. 11 ವಾರ ತುಂಬಿದ ಮೇಲೆ, 14 ವಾರ ತುಂಬುವ ಮೊದಲು ಮಾಡುವ ಸ್ಕ್ಯಾನಿಂಗ್‌ನಲ್ಲಿ ಕೂಸಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದವನ್ನು ಅಳೆಯುತ್ತಾರೆ. ವರದಿಯಲ್ಲಿ ಇದು ಸಿಆರ್‌ಎಲ್ ಎಂಬ ಹೆಸರಿನಲ್ಲಿರುತ್ತದೆ. ಈ ವಯಸ್ಸಿನಲ್ಲಿ ಯಾವ ತಾಯಿಯ ಕೂಸಾದರೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತದೆ. ಹೀಗಾಗಿ ವಯಸ್ಸಿನ ಅಂದಾಜು ಒಂದು ವಾರಕ್ಕಿಂತ ಆಚೀಚೆ ಹೋಗುವುದು ಅಪರೂಪ. ಏಳೆಂಟು ತಿಂಗಳಿನಲ್ಲಿ ಮೊದಲ ಬಾರಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಅದೇ ಅಂದಾಜು ಮೂರು ವಾರದವರೆಗೆ ತಪ್ಪಬಹುದು, ಏಕೆಂದರೆ ಅಷ್ಟರಲ್ಲಿ ಒಂದು ಕೂಸು ದಪ್ಪ, ಇನ್ನೊಂದು ಸಣ್ಣ ಆಗಿರುತ್ತದೆ.

ಮುಟ್ಟಿನ ದಿನಾಂಕಕ್ಕೂ ಈ ಸ್ಕ್ಯಾನಿಂಗ್‌ಗೂ ಒಂದು ವಾರಕ್ಕಿಂತ ಹೆಚ್ಚು ಅಂತರವಿದ್ದರೆ ವೈದ್ಯರು ಸ್ಕ್ಯಾನಿಂಗ್ ದಿನವನ್ನು ಒಪ್ಪುತ್ತಾರೆ. ಹೀಗೆ ಗೊತ್ತಾದ ಹೆರಿಗೆ ದಿನವನ್ನು, ಅಂದರೆ ಇಡಿಡಿಯನ್ನು, ತಾಯಿ ಕಾರ್ಡಿನ ಮೇಲೆ ಅದೇ ದಿನ ಬರೆಸಿಕೊಳ್ಳಿ. ಆ ಮೇಲೆ ಅದು ಬದಲಾಗಬಾರದು. ಮುಂದಿನ ಪ್ರತಿ ಸ್ಕ್ಯಾನಿಂಗ್ ವರದಿಯಲ್ಲಿಯೂ ಯಂತ್ರ ಹೊಸದೊಂದು ಹೆರಿಗೆ ದಿನವನ್ನು ಮುದ್ರಿಸುತ್ತದೆ. ಅದನ್ನು ನೋಡಿ ಮನೆಯಲ್ಲಿ ದಿನ ಬದಲಿಸಿಕೊಳ್ಳುವುದೇ ನಮ್ಮಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು. ಹೇಗೆ ಎಂಬುದನ್ನು ಏಳನೆಯ ಹಂತದಲ್ಲಿ ಲೆಕ್ಕ ಹಾಕಿ ತೋರಿಸಿದ್ದೇನೆ.

ಅವಳಿ ಕೂಸುಗಳಿದ್ದರೆ ಎರಡಕ್ಕೂ ಒಂದೇ ಕಸವೋ, ಬೇರೆ ಬೇರೆಯೋ ಎಂಬುದು ಸ್ಪಷ್ಟವಾಗಿ ಕಾಣುವುದೂ ಇದೇ ಸ್ಕ್ಯಾನಿಂಗ್‌ನಲ್ಲಿ. (ಹೆರಿಗೆಯ ನಂತರ ಬೀಳುವ ಮಾಸು ಅಥವಾ ಕಸವನ್ನೇ ವರದಿಯಲ್ಲಿ ಪ್ಲಾಸೆಂಟಾ ಎಂದು ಬರೆದಿರುತ್ತಾರೆ.) ಒಂದೇ ಕಸ ಹಂಚಿಕೊಂಡಿದ್ದರೆ 16 ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕಾಗುತ್ತದೆ.

ಹಂತ 3: ಮುಂದಿನ ಸ್ಕ್ಯಾನಿಂಗ್‌ಗಳ ಸಮಯ ಗುರುತಿಸಿಕೊಳ್ಳುವುದು

18ರಿಂದ 22 ವಾರದ ನಡುವೆ ಅಂಗಾಂಗಗಳ ರಚನೆ ನೋಡುವ ಸ್ಕ್ಯಾನಿಂಗ್. ಇದು ಕೂಸಿನ ಹೃದಯ, ಮಿದುಳು, ಬೆನ್ನುಹುರಿ, ಮೂತ್ರಪಿಂಡಗಳು ಸರಿಯಾಗಿ ರೂಪುಗೊಂಡಿವೆಯೇ ಎಂದು ನೋಡುವುದಕ್ಕೆ ಹೊರತು, ಒಂಬತ್ತನೆಯ ತಿಂಗಳಿನಲ್ಲಿ ಕೂಸು ಆರಾಮವಾಗಿ ಇರುತ್ತದೆಯೇ ಎಂದು ಹೇಳುವುದಕ್ಕಲ್ಲ. “ಐದು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಎಲ್ಲಾ ನಾರ್ಮಲ್ ಬಂದಿದೆ, ಇನ್ನು ಬೇಡ” ಎಂದು ನಿಲ್ಲಿಸುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಕ್ಷೇಮ ತಿಳಿಯುವ ಸ್ಕ್ಯಾನಿಂಗ್ 28 ವಾರದ ನಂತರದ್ದು. ಯಾವ ತೊಂದರೆಯೂ ಇಲ್ಲದವರಿಗೆ 28ರಿಂದ 32 ವಾರದ ನಡುವೆ ಒಂದು, 36ರ ಆಸುಪಾಸಿಗೆ ಇನ್ನೊಂದು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ ಇರುವವರಿಗೆ, ಹಿಂದಿನ ಕೂಸು ತೂಕ ಕಡಿಮೆ ಇದ್ದವರಿಗೆ ಅಥವಾ ಹೊಟ್ಟೆಯಲ್ಲಿಯೇ ತೀರಿಕೊಂಡಿದ್ದವರಿಗೆ, ಅವಳಿ ಇರುವವರಿಗೆ ಇದು ಸಾಲದು. ಅವರ ಸ್ಕ್ಯಾನಿಂಗ್ ದಿನಗಳನ್ನು ವೈದ್ಯರೇ ಗೊತ್ತುಮಾಡಬೇಕು.

ಬೆಳವಣಿಗೆ ಅಳೆಯುವ ಎರಡು ಸ್ಕ್ಯಾನಿಂಗ್‌ಗಳ ನಡುವೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಅಂತರವಿರಬೇಕು. ಸಮಾಧಾನವಾಗಲಿಲ್ಲ ಎಂದು ನಾಲ್ಕೇ ದಿನಕ್ಕೆ ಬೇರೆ ಊರಿನಲ್ಲಿ ತೂಕ ನೋಡಿಸಿದರೆ ಬರುವ ವ್ಯತ್ಯಾಸ ಅಳತೆಯದ್ದಾಗಿರುತ್ತದೆಯೇ ಹೊರತು ಕೂಸಿನದ್ದಲ್ಲ. ನೀರು, ರಕ್ತಸಂಚಾರ, ಕೂಸಿನ ಚಲನೆ ನೋಡುವ ಸ್ಕ್ಯಾನಿಂಗ್‌ಗೆ ಈ ನಿಯಮವಿಲ್ಲ. ಅವಶ್ಯವಿದ್ದರೆ ಅದನ್ನು ವಾರಕ್ಕೆ ಎರಡು ಬಾರಿ, ಕೆಲವೊಮ್ಮೆ ಪ್ರತಿದಿನವೂ ಮಾಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಧ್ವನಿ ತರಂಗ, ಎಕ್ಸ್‌ರೇ ಅಲ್ಲ. ವೈದ್ಯಕೀಯ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಿಂದ ಕೂಸಿಗೆ ಹಾನಿಯಾಗುವುದು ಕಂಡುಬಂದಿಲ್ಲ; ಹೆದರಿ ತಪ್ಪಿಸಬೇಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಉಚಿತ. ಪ್ರತಿ ತಿಂಗಳ 9ರಂದು ತಜ್ಞ ವೈದ್ಯರ ಉಚಿತ ತಪಾಸಣೆಯೂ ನಡೆಯುತ್ತದೆ. ಆದರೆ ತಾಲೂಕು ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ವೈದ್ಯರು ವಾರದ ಎಲ್ಲಾ ದಿನ ಸಿಗಲಿಕ್ಕಿಲ್ಲ. ಹಿಂದಿನ ದಿನವೇ ಆಶಾ ಕಾರ್ಯಕರ್ತೆಯ ಮೂಲಕ ಕೇಳಿಕೊಂಡು ಹೊರಡಿ.

ಹಂತ 4: ಸ್ಕ್ಯಾನಿಂಗ್ ದಿನ

28 ವಾರದ ನಂತರದ ಸ್ಕ್ಯಾನಿಂಗ್‌ಗೆ ಉಪವಾಸ ಬೇಡ, ಹೊಟ್ಟೆ ಉಬ್ಬುವಷ್ಟು ನೀರು ಕುಡಿದು ಮೂತ್ರ ತಡೆದುಕೊಳ್ಳುವುದೂ ಬೇಡ. ಮೂತ್ರ ತುಂಬಿರಬೇಕಾದದ್ದು ಹೆಚ್ಚಾಗಿ ಮೊದಲ ತಿಂಗಳುಗಳ ಸ್ಕ್ಯಾನಿಂಗ್‌ನಲ್ಲಿ. ಊಟ ಮಾಡಿಕೊಂಡು, ಸಡಿಲವಾದ ಉಡುಪಿನಲ್ಲಿ ಬನ್ನಿ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಬರಿ ಚಹಾ ಕುಡಿದು ಬಂದವರು ಸಾಲಿನಲ್ಲಿ ಕುಳಿತಲ್ಲಿಯೇ ಸುಸ್ತಾಗಿ ಬೀಳುವುದನ್ನು ಮೇ ತಿಂಗಳಲ್ಲಿ ಪದೇ ಪದೇ ಕಾಣುತ್ತೇವೆ.

ಯಂತ್ರದ ಮುಂದೆ ಮಲಗುವ ಮೊದಲು ವೈದ್ಯರಿಗೆ ಮೂರು ವಿಷಯ ಹೇಳಲೇಬೇಕು: ಮೊದಲ ಸ್ಕ್ಯಾನಿಂಗ್ ಪ್ರಕಾರ ಹೆರಿಗೆ ದಿನ ಯಾವುದು, ಕೂಸಿನ ಆಟ ಕಡಿಮೆಯಾಗಿದೆಯೇ, ಕಳೆದ ಎರಡು ಮೂರು ದಿನಗಳಲ್ಲಿ ಯಾವುದಾದರೂ ಇಂಜೆಕ್ಷನ್ ಆಗಿದೆಯೇ. ಕೊನೆಯದನ್ನು ಯಾರೂ ಹೇಳುವುದಿಲ್ಲ. ಅವಧಿಗೆ ಮೊದಲೇ ಹೆರಿಗೆಯಾಗುವ ಸಂಭವವಿದ್ದಾಗ ಕೂಸಿನ ಪುಪ್ಪುಸ ಬಲಿಯಲೆಂದು ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ಎರಡು ಮೂರು ದಿನ ಕೂಸಿನ ಚಲನೆ, ಉಸಿರಾಟದ ಚಲನೆ ಮಂದವಾಗಬಹುದು. ಅದು ಗೊತ್ತಿಲ್ಲದ ವೈದ್ಯರು ಕ್ಷೇಮ ಪರೀಕ್ಷೆಯ ಅಂಕ (ಐದನೆಯ ಹಂತ ನೋಡಿ) ಕಡಿಮೆ ಬಂತೆಂದು ಗಾಬರಿಯಾಗಬೇಕಾಗುತ್ತದೆ.

ಸ್ಕ್ಯಾನಿಂಗ್‌ಗೆ ಮೊದಲು ಫಾರ್ಮ್ ಎಫ್ ಎಂಬ ನಮೂನೆಗೆ ನಿಮ್ಮ ವಿವರ ಪಡೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇದು 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಕಡ್ಡಾಯ ನಿಯಮ. ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಕಸ ಮುಂದಿದ್ದರೆ ಗಂಡು, ಎದೆಬಡಿತ 150 ದಾಟಿದರೆ ಹೆಣ್ಣು ಎಂದು ವರದಿ ಹಿಡಿದು ಊಹಿಸುವ ನೆರೆಹೊರೆಯವರ ಮಾತಿಗೆ ಆಧಾರವಿಲ್ಲ.

ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದಾಗ ಗರ್ಭಕೋಶದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿಕೊಂಡು ಕಣ್ಣು ಕತ್ತಲೆ ಬರಬಹುದು, ಬೆವರು ಕಿತ್ತುಬರಬಹುದು. ಸಂಕೋಚಪಡದೆ ಕೂಡಲೇ ಹೇಳಿ ಎಡಕ್ಕೆ ಹೊರಳಿ.

ಹಂತ 5: ವೈದ್ಯರು ಏನೇನು ನೋಡುತ್ತಾರೆ ಎಂದು ತಿಳಿದುಕೊಳ್ಳುವುದು

ಬೆಳವಣಿಗೆಗಾಗಿ ನಾಲ್ಕು ಅಳತೆಗಳನ್ನು ತೆಗೆಯುತ್ತಾರೆ: ತಲೆಯ ಅಗಲ (ಬಿಪಿಡಿ), ತಲೆಯ ಸುತ್ತಳತೆ (ಎಚ್‌ಸಿ), ಹೊಟ್ಟೆಯ ಸುತ್ತಳತೆ (ಎಸಿ), ತೊಡೆಮೂಳೆಯ ಉದ್ದ (ಎಫ್‌ಎಲ್). ಇವುಗಳಿಂದ ಯಂತ್ರ ತೂಕದ ಅಂದಾಜು ಕೊಡುತ್ತದೆ. ಅದರಲ್ಲಿ ನೂರಕ್ಕೆ 10ರಿಂದ 15ರಷ್ಟು ಹೆಚ್ಚು ಕಡಿಮೆ ಇದ್ದದ್ದೇ. 2,500 ಗ್ರಾಂ ಎಂದು ಬಂದ ಕೂಸು ಹುಟ್ಟಿದಾಗ 2,200 ತೂಗಿದರೆ ಯಾರೂ ಮೋಸ ಮಾಡಿದಂತಲ್ಲ. ನಾಲ್ಕರಲ್ಲಿ ಹೊಟ್ಟೆಯ ಸುತ್ತಳತೆಗೆ ಹೆಚ್ಚಿನ ಮಹತ್ವವಿದೆ. ಪೋಷಣೆ ಕಡಿಮೆಯಾದಾಗ ಕೂಸು ತನ್ನ ಯಕೃತ್ತಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಹೀಗಾಗಿ ಮೊದಲು ಇಳಿಯುವುದು ಹೊಟ್ಟೆ.

ಆ ಹೊತ್ತಿನ ಕ್ಷೇಮ ನೋಡುವ ಪರೀಕ್ಷೆಗೆ ಬಯೋಫಿಸಿಕಲ್ ಪ್ರೊಫೈಲ್, ಸಂಕ್ಷಿಪ್ತವಾಗಿ ಬಿಪಿಪಿ, ಎಂದು ಹೆಸರು. 30 ನಿಮಿಷದೊಳಗೆ ನಾಲ್ಕು ವಿಷಯಗಳನ್ನು ಕಣ್ಣಾರೆ ನೋಡುತ್ತಾರೆ. ಕೂಸು ಕನಿಷ್ಠ 30 ಸೆಕೆಂಡು ಎಡೆಬಿಡದೆ ಉಸಿರಾಟದ ಚಲನೆ ಮಾಡಬೇಕು. ಮೈಯನ್ನೋ ಕೈಕಾಲನ್ನೋ ಕನಿಷ್ಠ ಮೂರು ಬಾರಿ ಅಲುಗಿಸಬೇಕು. ಕೈ ಅಥವಾ ಕಾಲನ್ನು ಒಮ್ಮೆಯಾದರೂ ಚಾಚಿ ಮತ್ತೆ ಮಡಚಬೇಕು, ಅಥವಾ ಮುಷ್ಟಿ ಬಿಚ್ಚಿ ಕಟ್ಟಬೇಕು. ಕೂಸಿನ ಸುತ್ತಲಿನ ನೀರಿನಲ್ಲಿ ಕನಿಷ್ಠ 2 ಸೆಂಟಿಮೀಟರ್ ಆಳದ ಒಂದು ತಾಣ ಇರಬೇಕು. ಐದನೆಯದು ಎನ್‌ಎಸ್‌ಟಿ: ಹೊಟ್ಟೆಗೆ ಪಟ್ಟಿ ಕಟ್ಟಿ 20 ನಿಮಿಷ, ಬೇಕಾದರೆ 40 ನಿಮಿಷ, ಕೂಸಿನ ಎದೆಬಡಿತವನ್ನು ಕಾಗದದ ಮೇಲೆ ದಾಖಲಿಸುವುದು. ಪ್ರತಿಯೊಂದಕ್ಕೂ 2 ಅಂಕ. ಒಟ್ಟು 8 ಅಥವಾ 10 ಬಂದು, ನೀರೂ ಸಾಕಷ್ಟಿದ್ದರೆ ಸದ್ಯಕ್ಕೆ ಕೂಸು ಆರಾಮ. 6 ಬಂದರೆ ಅನುಮಾನ. ವಾರ ತುಂಬಿದ್ದರೆ ಹೆರಿಗೆ, ಇಲ್ಲದಿದ್ದರೆ 24 ಗಂಟೆಯೊಳಗೆ ಮರುಪರೀಕ್ಷೆ ಎಂದು ವೈದ್ಯರು ಯೋಚಿಸುತ್ತಾರೆ. 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮನೆಗೆ ಹೋಗುವ ಮಾತೇ ಇಲ್ಲ.

ಇಲ್ಲಿ ಆಗುವ ತಪ್ಪು ಅವಸರದ್ದು. ಹೊಟ್ಟೆಯಲ್ಲಿ ಕೂಸು ಒಂದೇ ಸಮನೆ 20ರಿಂದ 40 ನಿಮಿಷ ನಿದ್ದೆ ಮಾಡುತ್ತದೆ. ಐದು ನಿಮಿಷ ನೋಡಿ, ಅಲುಗಾಡಲಿಲ್ಲ ಎಂದು ಅಂಕ ಕಳೆಯುವುದು ಸರಿಯಲ್ಲ. ಹೊರಗೆ ಕುಳಿತು, ಏನಾದರೂ ತಿಂದು, ಸ್ವಲ್ಪ ನಡೆದಾಡಿ ಮತ್ತೆ ಬನ್ನಿ ಎಂದರೆ “ಬಸ್ ಹೋಗ್ತೈತ್ರಿ” ಎಂದು ಹಟ ಹಿಡಿಯಬೇಡಿ. ಆ ಅರ್ಧ ಗಂಟೆಯ ಕಾಯುವಿಕೆಯಿಂದ ಅನವಶ್ಯಕ ಆಪರೇಷನ್ ತಪ್ಪಬಹುದು.

ನೀರಿನ ಬಗ್ಗೆ ಎರಡು ಮಾತು. ಅತಿ ಆಳದ ಒಂದು ತಾಣ 2ರಿಂದ 8 ಸೆಂಟಿಮೀಟರ್, ಅಥವಾ ನಾಲ್ಕು ತಾಣಗಳ ಮೊತ್ತವಾದ ಎಎಫ್‌ಐ 5ರಿಂದ 25 ಇದ್ದರೆ ಸರಿ. ಎಎಫ್‌ಐ 8 ಬಂದಿದೆ ಎಂದು ಹೆದರಿ ಮೂರು ಬಾಟಲಿ ಸಲೈನ್ ಹಾಕಿಸುವುದು ಬೇಡ. ಆದರೆ ನೀರು ಕಡಿಮೆಯಾಗಿದೆ ಎಂದು ಬರೆದಿದ್ದರೆ, ಬಟ್ಟೆ ತೋಯುವಂತೆ ನೀರು ಹೋಗುತ್ತಿದೆಯೇ ಎಂಬುದನ್ನು ಗರ್ಭಿಣಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಲವರು ಅದನ್ನು ಬಿಳಿಸೆರಗು ಎಂದು ತಿಳಿದು ಸುಮ್ಮನಿರುತ್ತಾರೆ. ನೀರು ಹೆಚ್ಚಾಗಿದೆ ಎಂದಿದ್ದರೆ ಸಕ್ಕರೆ ಪರೀಕ್ಷೆ ಆಗಿದೆಯೇ ನೋಡಿಕೊಳ್ಳಿ: 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತದಲ್ಲಿ 140 ಅಥವಾ ಹೆಚ್ಚು ಬಂದರೆ ಅದು ಗರ್ಭಿಣಿಯ ಮಧುಮೇಹ.

ಹಂತ 6: ಡಾಪ್ಲರ್ ವರದಿಯ ಅರ್ಥ ತಿಳಿಯುವುದು

ಕೂಸಿನ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಸ್ಕ್ಯಾನಿಂಗ್‌ಗೆ ಡಾಪ್ಲರ್ ಎನ್ನುತ್ತಾರೆ. ಎಲ್ಲರಿಗೂ ಇದು ಬೇಕಾಗಿಲ್ಲ. ಕೂಸು ಸಣ್ಣದಿದ್ದಾಗ, ತಾಯಿಯ ರಕ್ತದೊತ್ತಡ ಏರಿದಾಗ, ನೀರು ಕಡಿಮೆಯಾದಾಗ ಇದನ್ನು ಬರೆಯುತ್ತಾರೆ. ಕೂಸಿನ ಮುಖದ ಬಣ್ಣದ ಚಿತ್ರಕ್ಕೆ ಹೆಚ್ಚುವರಿ ಹಣ ಕೊಡುವ ಮನೆಯವರು ಡಾಪ್ಲರ್ ಬೇಡ ಎಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮುಖದ ಚಿತ್ರದಿಂದ ಕೂಸಿನ ಕ್ಷೇಮ ಗೊತ್ತಾಗುವುದಿಲ್ಲ.

ಹೊಲಕ್ಕೆ ಡ್ರಿಪ್ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನ ಕೊನೆಗಳು ತೆರೆದಿದ್ದರೆ ಮೋಟರು ಒಂದು ಕ್ಷಣ ನಿಂತರೂ ನೀರು ಮುಂದಕ್ಕೆ ಹರಿಯುತ್ತಲೇ ಇರುತ್ತದೆ. ತುದಿಗಳು ಉಪ್ಪು ಕಟ್ಟಿಕೊಂಡಿದ್ದರೆ ಮೋಟರು ನಿಂತೊಡನೆ ಹರಿವೂ ನಿಲ್ಲುತ್ತದೆ. ಪೂರ್ತಿ ಕಟ್ಟಿಕೊಂಡಿದ್ದರೆ ನೀರು ಹಿಂದಕ್ಕೆ ಒತ್ತುತ್ತದೆ. ಕೂಸಿನ ಹೃದಯ ಹೊಕ್ಕಳುಬಳ್ಳಿಯ ಮೂಲಕ ಕಸಕ್ಕೆ ರಕ್ತ ಕಳಿಸುವುದೂ ಹೀಗೆಯೇ. ಎರಡು ಬಡಿತಗಳ ನಡುವಿನ ವಿರಾಮದಲ್ಲಿಯೂ ರಕ್ತ ಮುಂದಕ್ಕೆ ಹರಿಯುತ್ತಿದ್ದರೆ ಕಸ ಚೆನ್ನಾಗಿದೆ ಎಂದರ್ಥ. ಆ ವಿರಾಮದ ಹರಿವು ಕಡಿಮೆಯಾಗುವುದು ಮೊದಲ ಎಚ್ಚರಿಕೆ, ಇಲ್ಲವಾಗುವುದು ಎರಡನೆಯದು, ಹಿಮ್ಮುಖವಾಗುವುದು ಅತಿ ಗಂಭೀರ. ವರದಿಯಲ್ಲಿ “ಆಬ್ಸೆಂಟ್” ಅಥವಾ “ರಿವರ್ಸಲ್” ಎಂಬ ಮಾತು ಹೊಕ್ಕಳುಬಳ್ಳಿಯ ರಕ್ತನಾಳದ, ಅಂದರೆ ಅಂಬಿಲಿಕಲ್ ಆರ್ಟರಿಯ, ಸಾಲಿನಲ್ಲಿ ಕಂಡರೆ ಆ ದಿನವೇ ಆಸ್ಪತ್ರೆಗೆ ದಾಖಲಾಗಬೇಕು.

ಎಂಸಿಎ ಎಂಬುದು ಕೂಸಿನ ಮಿದುಳಿನ ರಕ್ತನಾಳ. ಇಲ್ಲಿ ಲೆಕ್ಕ ತಿರುಗುಮುರುಗು: ಆಮ್ಲಜನಕ ಸಾಲದಾದಾಗ ಕೂಸು ಕೈಕಾಲು, ಕರುಳಿಗೆ ಕಡಿಮೆ ಮಾಡಿ ಮಿದುಳಿಗೆ ಹೆಚ್ಚು ರಕ್ತ ಕಳಿಸುತ್ತದೆ. “ಮಿದುಳಿಗೆ ರಕ್ತ ಚೆನ್ನಾಗಿ ಹೋಗುತ್ತಿದೆ” ಎಂದು ಸಂತೋಷಪಡುವ ವಿಷಯ ಇದಲ್ಲ. ಕೂಸು ಕೊರತೆಯಲ್ಲಿ ಸಂಸಾರ ನಡೆಸುತ್ತಿದೆ ಎಂಬ ಸೂಚನೆ.

ಹಂತ 7: ಹೊಸ ವರದಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಓದುವುದು

ದಿನಾಂಕಗಳನ್ನು ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಬಾದಾಮಿ ತಾಲೂಕಿನ ತವರಿಗೆ ಬಂದಿದ್ದ ಒಬ್ಬಳ ಕೈಯಲ್ಲಿ ಜೂನ್ 7ರ ವರದಿ ಒಂದೇ ಇತ್ತು. ಮುಟ್ಟಿನ ದಿನ ನೆನಪಿಲ್ಲ. ಅಳತೆಗಳ ಸರಾಸರಿ 28 ವಾರ 5 ದಿನ, ತೂಕ 1,300 ಗ್ರಾಂ, ಹೆರಿಗೆ ದಿನ ಆಗಸ್ಟ್ 25 ಎಂದು ಯಂತ್ರ ಮುದ್ರಿಸಿತ್ತು. ಇಷ್ಟನ್ನೇ ನೋಡಿದರೆ ಕೂಸು ವಯಸ್ಸಿಗೆ ತಕ್ಕಂತಿದೆ. ಗಂಡನಿಗೆ ಫೋನ್ ಮಾಡಿಸಿ, ಟ್ರಂಕು ತೆಗೆಸಿ, ಮೊದಲ ವರದಿಯ ಫೋಟೋ ತರಿಸಿದೆವು. ಅದರಲ್ಲಿ ಜನವರಿ 15ಕ್ಕೆ 11 ವಾರ 4 ದಿನ ಎಂದಿತ್ತು.

ಈಗ ಲೆಕ್ಕ ಮಾಡಿ. ಜನವರಿ 15ರಿಂದ ಜೂನ್ 7ಕ್ಕೆ 143 ದಿನ, ಅಂದರೆ 20 ವಾರ 3 ದಿನ. ಅದಕ್ಕೆ 11 ವಾರ 4 ದಿನ ಕೂಡಿಸಿದರೆ 32 ವಾರ. ಕೂಸಿನ ನಿಜವಾದ ವಯಸ್ಸು 32 ವಾರ, ಹೆರಿಗೆ ದಿನ ಆಗಸ್ಟ್ 2. ಸಾಮಾನ್ಯವಾಗಿ ಬಳಸುವ ಕೋಷ್ಟಕದಲ್ಲಿ 32 ವಾರದ ಸರಾಸರಿ ತೂಕ ಸುಮಾರು 1,900 ಗ್ರಾಂ. ಸುಮಾರು 1,600ಕ್ಕಿಂತ ಕೆಳಗಿದ್ದರೆ ಚಿಂತಿಸಬೇಕಾದ ಗುಂಪು. ಕೂಸು ಮೂರು ವಾರಕ್ಕೂ ಹೆಚ್ಚು ಹಿಂದೆ ಬಿದ್ದಿತ್ತು, ಮತ್ತು ಅದನ್ನು ತೋರಿಸಿದ್ದು ಟ್ರಂಕಿನಲ್ಲಿದ್ದ ಒಂದು ಹಾಳೆ. ಡಾಪ್ಲರ್ ಮಾಡಿಸಿ ಅದೇ ಸಂಜೆ ದಾಖಲು ಮಾಡಿಕೊಂಡೆವು.

ಈ ಕೂಡಿಸುವ ಲೆಕ್ಕವನ್ನು ಪ್ರತಿ ವರದಿಗೂ ಮನೆಯಲ್ಲಿಯೇ ಮಾಡಬಹುದು. ನಿಮ್ಮ ಲೆಕ್ಕದ ವಾರಕ್ಕೂ ವರದಿಯ ಸರಾಸರಿ ವಾರಕ್ಕೂ ಎರಡು ವಾರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ತೂಕ “10ನೇ ಸೆಂಟೈಲ್‌ಗಿಂತ ಕಡಿಮೆ” ಎಂದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. 10ನೇ ಸೆಂಟೈಲ್‌ಗಿಂತ ಕಡಿಮೆ ಎಂದರೆ ಅದೇ ವಯಸ್ಸಿನ ನೂರು ಕೂಸುಗಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿದರೆ ಕೊನೆಯ ಹತ್ತರಲ್ಲಿ ಬರುವುದು. ಆ ಹತ್ತರಲ್ಲಿ ಕೆಲವು ಹುಟ್ಟಾ ಸಣ್ಣವು, ಆರೋಗ್ಯವಾಗಿಯೇ ಇರುತ್ತವೆ. ಕೆಲವಕ್ಕೆ ಕಸದಿಂದ ಪೋಷಣೆ ಸಿಗುತ್ತಿರುವುದಿಲ್ಲ. ಇವೆರಡನ್ನೂ ಬೇರ್ಪಡಿಸುವುದು ಡಾಪ್ಲರ್ ಮತ್ತು ಎರಡು ಮೂರು ವಾರದ ನಂತರದ ಮರು ಅಳತೆ.

ಅನವಶ್ಯಕವಾಗಿ ಹೆದರಿಸುವ ಮಾತುಗಳೂ ವರದಿಯಲ್ಲಿರುತ್ತವೆ. ಕೊರಳಿಗೆ ಬಳ್ಳಿ ಸುತ್ತಿಕೊಂಡಿರುವುದು ತುಂಬಿದ ದಿನಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕೂಸಿಗೆ ಕಾಣುತ್ತದೆ, ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. 30 ವಾರಕ್ಕೆ ಕೂಸು ಉಲ್ಟಾ (ತಲೆ ಮೇಲೆ, ಕುಂಡೆ ಕೆಳಗೆ) ಇದ್ದರೆ ತಿರುಗಲು ಇನ್ನೂ ಸಮಯವಿದೆ, 36ಕ್ಕೆ ಮತ್ತೆ ನೋಡಬೇಕು. 20 ವಾರಕ್ಕೆ ಕಸ ಕೆಳಗಿದೆ ಎಂದಿದ್ದರೆ ಹೆಚ್ಚಿನವು ಮೇಲಕ್ಕೆ ಸರಿಯುತ್ತವೆ. 32 ವಾರಕ್ಕೆ ಮರುಪರೀಕ್ಷೆ ಮಾಡಿಸಿ. ಅಷ್ಟರೊಳಗೆ ನೋವಿಲ್ಲದ ರಕ್ತಸ್ರಾವ ಕಂಡರೆ ಮಾತ್ರ ಕಾಯುವಂತಿಲ್ಲ.

ಹಂತ 8: ಎರಡು ಸ್ಕ್ಯಾನಿಂಗ್‌ಗಳ ನಡುವೆ ಕೂಸಿನ ಆಟ ಎಣಿಸುವುದು

ಸ್ಕ್ಯಾನಿಂಗ್ ಆ ಹೊತ್ತಿನ ಮಾತು ಹೇಳುತ್ತದೆ. ಉಳಿದ ದಿನಗಳ ಕಾವಲು ತಾಯಿಯದು. 28 ವಾರ ತುಂಬಿದ ಮೇಲೆ ದಿನಕ್ಕೊಮ್ಮೆ, ಕೂಸು ಹೆಚ್ಚು ಆಡುವ ಹೊತ್ತಿನಲ್ಲಿ, ಸಾಮಾನ್ಯವಾಗಿ ರಾತ್ರಿ ಊಟವಾದ ಮೇಲೆ, ಎಡ ಮಗ್ಗುಲಾಗಿ ಮಲಗಿ ಎಣಿಸಬೇಕು. ಒದೆತ, ಹೊರಳಾಟ, ಮಿಸುಕಾಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಬಿಕ್ಕಳಿಕೆ ಬರುವುದಿಲ್ಲ. ಹತ್ತು ಎಣಿಸಲು ಎಷ್ಟು ಹೊತ್ತಾಯಿತು ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಹೆಚ್ಚಿನವರಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಎರಡು ಗಂಟೆಯಾದರೂ ಹತ್ತು ಆಗದಿದ್ದರೆ, ಅಥವಾ ದಿನವೂ ಇಪ್ಪತ್ತು ನಿಮಿಷಕ್ಕೆ ಆಗುತ್ತಿದ್ದದ್ದು ಈಗ ಒಂದೂವರೆ ಗಂಟೆಗೆ ಬಂದಿದ್ದರೆ, ಆಸ್ಪತ್ರೆಗೆ ಹೊರಡಿ.

“ಕೂಸ ಮಲಗಿರತೈತಿ, ನಾಳಿ ನೋಡೋಣು” ಎಂದು ಅತ್ತೆಯಾಗಲಿ ಅವ್ವನಾಗಲಿ ಹೇಳಿದರೆ ಕೇಳಬೇಡಿ. ಅಮಾವಾಸ್ಯೆ ಕಳೆಯಲಿ ಎಂದು ಒಂದು ದಿನ ಕಾದು, ಎದೆಬಡಿತ ನಿಂತ ಮೇಲೆ ಬಂದವರ ಎದುರು ನಿಂತು ಮಾತಾಡಿದವಳು ನಾನು. ಆ ದಿನದ ಮಾತುಗಳನ್ನು ಮತ್ತೊಬ್ಬ ತಾಯಿಗೆ ಹೇಳುವ ಪ್ರಸಂಗ ಬರಬಾರದು. ದಿನ ಹತ್ತಿರ ಬಂದಂತೆ ಕೂಸಿನ ಆಟ ಕಡಿಮೆಯಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಜಾಗ ಇಕ್ಕಟ್ಟಾಗಿ ಒದೆತದ ರೀತಿ ಬದಲಾಗಬಹುದು, ಸಂಖ್ಯೆ ಇಳಿಯಬಾರದು. ನಿನ್ನೆಯ ಸ್ಕ್ಯಾನಿಂಗ್ ಸರಿಯಿತ್ತು ಎಂಬುದು ಇಂದು ಮನೆಯಲ್ಲಿ ಕೂರಲು ಕಾರಣವಲ್ಲ.

ಹಂತ 9: ವರದಿ ಬಂದ ದಿನವೇ ಮಾಡಬೇಕಾದದ್ದು

ಸ್ಕ್ಯಾನಿಂಗ್ ಮಾಡಿದ ವೈದ್ಯರು ವರದಿ ಬರೆಯುತ್ತಾರೆ. ಚಿಕಿತ್ಸೆ ನಿರ್ಧರಿಸುವವರು ಹೆರಿಗೆ ವೈದ್ಯರು. ಆದ್ದರಿಂದ ಕೇಂದ್ರದಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗದೆ ವರದಿ ತೋರಿಸಿ ಮುಂದಿನ ತಪಾಸಣೆಯ ದಿನಾಂಕ ಬರೆಸಿಕೊಂಡೇ ಹೊರಡಿ. ವರದಿ ಸರಿಯಿದ್ದರೂ ರಕ್ತದೊತ್ತಡ ಅಳೆಯಿಸಿಕೊಳ್ಳಿ: 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂಸಿನ ವರದಿ ಎಷ್ಟೇ ಚೆನ್ನಾಗಿದ್ದರೂ ತಾಯಿಗೆ ಅಪಾಯವಿದೆ.

ಕೆಳಗಿನ ಯಾವುದೇ ಲಕ್ಷಣ ಕಂಡರೆ ಸ್ಕ್ಯಾನಿಂಗ್‌ಗೆ ಸರತಿ ಹಚ್ಚದೆ ನೇರವಾಗಿ ಹೆರಿಗೆ ವಿಭಾಗಕ್ಕೆ ಬನ್ನಿ:

- ಕೂಸಿನ ಆಟ ಕಡಿಮೆಯಾಗುವುದು ಅಥವಾ ನಿಲ್ಲುವುದು
- ರಕ್ತ ಹೋಗುವುದು, ನೀರು ಒಡೆಯುವುದು
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾಯುವುದು, ಮೇಲುಹೊಟ್ಟೆ ನೋವು
- ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗದಿರುವುದು
- ಗುಳ್ಳೆಯಿಲ್ಲದೆ ಅಂಗೈ, ಅಂಗಾಲು ವಿಪರೀತ ತುರಿಸುವುದು
- ಜ್ವರ, ಫಿಟ್ಸ್

ವಾಹನಕ್ಕೆ 108ಕ್ಕೆ ಕರೆ ಮಾಡಿ, ಸಲಹೆಗೆ 104. ಕೂಸಿಗೆ 34 ವಾರ ತುಂಬಿಲ್ಲದಿದ್ದರೆ, ಅಥವಾ ತೂಕ 2 ಕಿಲೋಗಿಂತ ಕಡಿಮೆ ಇದ್ದರೆ, ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುವಲ್ಲಿಗೇ ಮೊದಲು ಹೋಗುವುದು ಒಳ್ಳೆಯದು. ಬೆಳಗಾವಿಯ ಬಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಬಾಗಲಕೋಟೆಯ ನವನಗರದ ಜಿಲ್ಲಾ ಆಸ್ಪತ್ರೆ, ವಿಜಯಪುರದ ಜಿಲ್ಲಾ ಆಸ್ಪತ್ರೆ, ಹಾಗೂ ಈ ಮೂರು ಊರುಗಳ ಇತರ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ಮೊದಲೇ ವಿಚಾರಿಸಿ, ನಿಮಗೆ ಯಾವುದು ಹತ್ತಿರ ಎಂದು ಕುಬಸದ ಹೊತ್ತಿಗೇ ಗೊತ್ತುಮಾಡಿಕೊಳ್ಳಿ. ಹುಟ್ಟಿದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ತಾಯಿಯನ್ನು ಸಾಗಿಸುವುದು ಸುರಕ್ಷಿತ.

ತವರಿಗೆ ಹೊರಡುವ ಮುನ್ನ ಫೈಲಿನ ಹೊರಮೈ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆಯಿರಿ: ಮೊದಲ ಸ್ಕ್ಯಾನಿಂಗ್ ಆದ ದಿನಾಂಕ, ಅಂದು ಎಷ್ಟು ವಾರ ಎಷ್ಟು ದಿನ, ಅದರ ಪ್ರಕಾರ ಹೆರಿಗೆ ದಿನ, ತಾಯಿಯ ರಕ್ತದ ಗುಂಪು. ನಡುರಾತ್ರಿ ಆಸ್ಪತ್ರೆಗೆ ಬಂದಾಗ ಜೊತೆಗಿದ್ದವರಿಗೆ ಓದು ಬಾರದಿದ್ದರೂ, ಆ ಫೈಲನ್ನು ಕರ್ತವ್ಯದಲ್ಲಿರುವ ನರ್ಸ್ ಕೈಗೆ ಮೊದಲು ಕೊಡಬೇಕು ಎಂದು ಅವರಿಗೆ ಹೇಳಿಟ್ಟಿರಿ.